ಯಾರ ಹೊಲಕ್ಕೆ?

ಎಳ್ಳು ಅಮಾವಾಸ್ಯೆಯ ದಿನ ಹೊತ್ತೇರಿದ ಮೇಲೆ ಕಲಬುರಗಿಯಲ್ಲಿ ರೈಲಿನಿಂದ ಇಳಿದ ಪರಸ್ಥಳದವನಿಗೆ, ಊರಿಗೆ ಏನೋ ಆಪತ್ತು ಒದಗಿರಬೇಕೆಂಬ ಸಂಶಯ ಹುಟ್ಟಿದರೆ ಅದು ಅವನ ತಪ್ಪಲ್ಲ. ಅಂಗಡಿಗಳಲ್ಲಿ ಹಲವು ಬಾಗಿಲು ಮುಚ್ಚಿರುತ್ತವೆ. ತೆರೆದಿರುವ ಅಂಗಡಿಗಳಲ್ಲಿ ಗಿರಾಕಿಗಳಿರುವುದಿಲ್ಲ. ಕಚೇರಿಗಳಲ್ಲಿ ಕುರ್ಚಿಗಳಿರುತ್ತವೆ, ಕುಳಿತವರಿರುವುದಿಲ್ಲ. ಬಡಾವಣೆಗಳ ಬೀದಿಗಳಲ್ಲಿ ನಾಯಿಗಳು ನಡುರಸ್ತೆಯಲ್ಲಿಯೇ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. "ಊರೆಲ್ಲ ಎಲ್ಲಿಗೆ ಹೋಯಿತಪ್ಪಾ?" ಎಂದು ಅವನು ಎದುರಿಗಿದ್ದ ಚಹದಂಗಡಿಯವನನ್ನು ಕೇಳಿದರೆ, "ಹೊಲಕ್ಕ ಹೋಗ್ಯಾದ್ರೀ" ಎಂಬ ಉತ್ತರ ದೊರೆಯುತ್ತದೆ. ಅಷ್ಟು ಹೇಳಿ ಅವನೂ ಒಲೆಯನ್ನು ಆರಿಸತೊಡಗುತ್ತಾನೆ. ಅವನನ್ನೂ ಯಾರೋ ಕರೆದಿರುತ್ತಾರೆ.

ಮಾರ್ಗಶಿರ ಬಹುಳದ ಕೊನೆಯ ದಿನ ಬರುವ ಈ ಹಬ್ಬಕ್ಕೆ ಜನರ ಬಾಯಲ್ಲಿ 'ಯಳ್ಳ ಅಮಾಸಿ' ಎಂಬುದೇ ಹೆಸರು. ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಇದಕ್ಕಿರುವ ಸಂಭ್ರಮ ದೀಪಾವಳಿಗೂ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಗಡಿಯಾಚೆ ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ಜನರೂ ಇದೇ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಾರೆ. ಅಲ್ಲಿ ಸ್ಥಳೀಯ ರಜೆಯನ್ನೂ ಸಾರುವುದುಂಟು. ಅವರು ಈ ಹಬ್ಬವನ್ನು 'ಯೇಳವಸ' ಎನ್ನುತ್ತಾರೆ. ಆ ಶಬ್ದವನ್ನು ಎರಡು ಸಲ ಗಟ್ಟಿಯಾಗಿ ಉಚ್ಚರಿಸಿದರೆ ಅದರೊಳಗಿನಿಂದ ಕನ್ನಡದ ಎಳ್ಳು ಇಣುಕುತ್ತದೆ. ಕಲಬುರಗಿಯಲ್ಲಾದರೋ ಅಮಾವಾಸ್ಯೆ ಭಾನುವಾರವನ್ನು ನೋಡಿಕೊಂಡು ಬರುವುದಿಲ್ಲವಾದ್ದರಿಂದ, ಆ ವಾರದಲ್ಲಿ ಗುಮಾಸ್ತರ ಅಜ್ಜಿಯರಿಗೆ ಹಠಾತ್ತನೆ ಅನಾರೋಗ್ಯ ಉಂಟಾಗುತ್ತದೆ. ರಜೆಯ ಅರ್ಜಿಗೆ ರುಜು ಹಾಕುವ ಮೇಲಧಿಕಾರಿಗೂ ನಿಜಸಂಗತಿ ತಿಳಿದಿರುತ್ತದೆ. ಅವರು ಕೇಳುವುದು ಅಜ್ಜಿಯ ಆರೋಗ್ಯವನ್ನಲ್ಲ, "ಯಾರ ಹೊಲಕ್ಕ?" ಎಂಬ ಒಂದೇ ಪ್ರಶ್ನೆಯನ್ನು.

ವರ್ಷದ ಉಳಿದ ಭಾನುವಾರಗಳಿಗೆ ಈ ನಗರದಲ್ಲಿ ವಿಹಾರದ ಸ್ಥಳಗಳು ಇಲ್ಲವೆಂದಲ್ಲ. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಊರು ಇದು. ಕೋಟೆಯೊಳಗೆ, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ 1367ರ ಜಾಮಿ ಮಸೀದಿ ಇದೆ. ಸಂಜೆಗೆ ಅಪ್ಪನ ಕೆರೆಯ ದಂಡೆ ಇದೆ. 2009ರಲ್ಲಿ ಉದ್ಘಾಟನೆಗೊಂಡ ಬುದ್ಧ ವಿಹಾರವಿದೆ. ಸ್ವಲ್ಪ ದೂರ ಹೋಗುವ ಉತ್ಸಾಹವಿದ್ದರೆ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರ, ಅಶೋಕನ ಶಾಸನ ದೊರೆತ ಸನ್ನತಿ, ಚಿಂಚೋಳಿಯ ಕಾಡು. ದಾರಿಯಲ್ಲಿ ಮಿರ್ಚಿ ಭಜಿ, ಸೂಸಲ, ಗಾಜಿನ ಲೋಟದ ಚಹ. ಇವೆಲ್ಲ ಕಾಸು ಕೊಟ್ಟು, ಬಸ್ಸು ಹತ್ತಿ, ಯಾರ ಅಪ್ಪಣೆಯೂ ಇಲ್ಲದೆ ನೋಡಿ ಬರಬಹುದಾದ ಸ್ಥಳಗಳು. ಎಳ್ಳು ಅಮಾವಾಸ್ಯೆಯ ಹೊಲ ಅಂಥದಲ್ಲ. ಅದಕ್ಕೆ ಟಿಕೀಟಿಲ್ಲ, ಕರೆ ಬೇಕು.

ಹೊಲವಿದ್ದವನು ಹೊಲವಿಲ್ಲದವನನ್ನು ಕರೆಯಬೇಕೆಂಬುದು ಈ ಹಬ್ಬದ ಬರೆಯದ ಕಟ್ಟಳೆ. ನೆರೆಮನೆಯವರನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು, ಮಕ್ಕಳ ಮಾಸ್ತರರನ್ನು, ಬೇರೆ ಜಾತಿಯವರನ್ನು, ಬೇರೆ ಮತದವರನ್ನು ಕರೆಯುತ್ತಾರೆ. ಎರಡು ಎಕರೆಯ ಒಡೆಯ ಐವತ್ತು ಜನರನ್ನು ಕರೆದು, ಆ ಐವತ್ತು ಜನ ತಮ್ಮ ನಂಟರನ್ನೂ ಕರೆತಂದು, ಬದುವಿನ ಮೇಲೆಲ್ಲ ಪಂಕ್ತಿ ಕೂರುವುದು ಅಪರೂಪವೇನಲ್ಲ. ಊರಿಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗೆ ತಾನು ಊರವನಾದೆನೋ ಇಲ್ಲವೋ ಎಂಬುದು ತಿಳಿಯುವುದು ಮೊದಲ ಎಳ್ಳು ಅಮಾವಾಸ್ಯೆಯಂದು. ಯಾರೂ ಕರೆಯದಿದ್ದರೆ ಅವನ ಹೆಂಡತಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳೆ; ಬೀದಿಯವರು ಬುತ್ತಿಯ ಗಂಟುಗಳನ್ನು ಹೊತ್ತು ಹೋಗುವುದನ್ನು ಕಿಟಕಿಯಿಂದ ನೋಡುವಷ್ಟು ಗಟ್ಟಿ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಆ ಗಂಟುಗಳಲ್ಲಿ ಏನಿರುತ್ತದೆಂಬುದನ್ನು ತುಸು ವಿವರವಾಗಿ ಹೇಳದಿದ್ದರೆ ವಾಚಕರು ಕ್ಷಮಿಸಲಾರರು. ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿ, ಕಾಗದದಂತೆ ತೆಳುವಾಗಿ ಒಣಗಿದ ಜೋಳದ ಖಡಕ್ ರೊಟ್ಟಿ, ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಶೇಂಗಾ, ಅಗಸೆ, ಗುರೆಳ್ಳುಗಳ ಮೂರು ಬಗೆಯ ಹಿಂಡಿ, ಪುಂಡಿ ಪಲ್ಯ, ಎಣ್ಣೆಗಾಯಿ, ಗಟ್ಟಿ ಮೊಸರು, ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಆದರೆ ಇವೆಲ್ಲ ಪರಿವಾರ; ಅರಸು ಯಾರೆಂದರೆ ಭಜ್ಜಿ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ಪದಾರ್ಥವೆಂದು ಭಾವಿಸಿ ಬೆಂಗಳೂರಿನ ಅಳಿಯಂದಿರು ಮೋಸಹೋದದ್ದುಂಟು. ಇದು ಆ ಋತುವಿನಲ್ಲಿ ನೆಲದ ಮೇಲೆ ಹಸಿರಾಗಿ ಕಂಡದ್ದನ್ನೆಲ್ಲ ಒಂದೇ ಪಾತ್ರೆಗೆ ಕರೆಯುವ ಪಲ್ಯ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಹಸಿ ಶೇಂಗಾ. ಮೆಂತ್ಯ, ಪಾಲಕ ಮೊದಲಾದ ಸೊಪ್ಪುಗಳು. ಬದನೆ, ಗಜ್ಜರಿ, ಸಿಕ್ಕ ಕಾಯಿಪಲ್ಲೆ ಎಲ್ಲ. ಹಸಿಮೆಣಸಿನಕಾಯಿ-ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಯ ಹುಳಿ ಹಿಂಡಿ, ಕೊನೆಗೆ ಕಡಲೆಹಿಟ್ಟನ್ನು ಕದಡಿ ಸುರಿದು ಕುದಿಸಬೇಕು. ಎಷ್ಟು ಬಗೆಯ ಕಾಳು ಸೊಪ್ಪು ಬಿದ್ದಿವೆಯೆಂಬುದರ ಮೇಲೆ ಮನೆಯ ಗೃಹಿಣಿಯ ಮಾನ ನಿಂತಿರುತ್ತದೆ. ಮುನ್ನಾದಿನ ಪೇಟೆಯಲ್ಲಿ ಹಸಿ ಕಡಲೆಯ ಗಿಡಗಳ ಕಟ್ಟುಗಳಿಗಾಗಿ ನಡೆಯುವ ಜಗ್ಗಾಟವನ್ನು ನೋಡಿದವರಿಗೆ ಇದು ಅತಿಶಯೋಕ್ತಿಯೆನ್ನಿಸದು.

ನಗರದ ಒಂದು ಹಳೆಯ ಬಡಾವಣೆಯಲ್ಲಿರುವ ನಿವೃತ್ತ ಮಾಸ್ತರರ ಮನೆಯಲ್ಲಿ 2022ರ ಹಬ್ಬದ ಹಿಂದಿನ ದಿನ ಈ ಭಜ್ಜಿಯ ಪ್ರಸ್ತಾಪವೇ ಒಂದು ಸಣ್ಣ ಕಲಹಕ್ಕೆ ಕಾರಣವಾಯಿತು. ಆ ವರ್ಷ ಅಮಾವಾಸ್ಯೆ ಡಿಸೆಂಬರ್ 23, ಶುಕ್ರವಾರ. ಗುರುವಾರ ಮಧ್ಯಾಹ್ನವಾದರೂ ಅವರಿಗೆ ಎಲ್ಲಿಂದಲೂ ಕರೆ ಬಂದಿರಲಿಲ್ಲ.

ಮಾಸ್ತರರು ಕರೆಗಾಗಿ ಕಾಯುವ ಮನೆತನದವರಲ್ಲ, ಕರೆಯುವ ಮನೆತನದವರು. ಹುಮನಾಬಾದ್ ರಸ್ತೆಯಲ್ಲಿ ನಗರದ ಅಂಚಿಗಿರುವ ಕಪನೂರಿನಲ್ಲಿ ಅವರ ತಂದೆಗೆ ಎರೆಭೂಮಿಯ ಹೊಲವಿತ್ತು. ಹೊಲದ ನಡುವೆ ಒಂದು ಬೇವಿನ ಮರ. ಅದರ ಕೊಂಬೆಗೆ ಹಬ್ಬದಂದು ಜೋಕಾಲಿ. ನಗರದಿಂದ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರವಿದ್ದುದರಿಂದ, ಕರೆದವರೂ ಕರೆಯದವರೂ ಸೇರಿ ಆ ಬೇವಿನ ಕೆಳಗೆ ಊರೇ ನೆರೆಯುತ್ತಿತ್ತು. ಕಾಲಕ್ರಮದಲ್ಲಿ ಕಪನೂರು ಕೈಗಾರಿಕಾ ಪ್ರದೇಶವಾಯಿತು. ದಾಲ್ ಮಿಲ್ಲುಗಳು ಬಂದವು, ಗೋದಾಮುಗಳು ಬಂದವು. ಮೂವರು ಅಣ್ಣತಮ್ಮಂದಿರಲ್ಲಿ ಪಾಲಾಯಿತು. ಹಿರಿಯರಿಗೆ ಮಗಳ ಮದುವೆ, ಮಾಸ್ತರರಿಗೆ ಮಗನ ಇಂಜಿನಿಯರಿಂಗ್ ಕಾಲೇಜು. ಬಂದ ಬೆಲೆ ಆ ಕಾಲಕ್ಕೆ ದೊಡ್ಡದಾಗಿತ್ತು. ಇಂದು ನೆನೆದರೆ ನಗು ಬರುತ್ತದೆ. ಯಾರ ಬಲವಂತವೂ ಇರಲಿಲ್ಲ. ಕಾಗದದ ಮೇಲಿರುವ ರುಜು ಮಾಸ್ತರರದೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದಂತೆಯೇ ದುಂಡಗೆ, ಸ್ಪಷ್ಟವಾಗಿ ಹಾಕಿದ ರುಜು. ತೊಗರಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ತೊಗರಿ ಒಡೆಯುವ ಗಿರಣಿ ನಿಂತಿದೆ. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಮಾಸ್ತರರು ಪತ್ರಿಕೆಯನ್ನು ಎರಡು ಸಲ ಓದಿ, ಮಡಚಿ, ಕಪಾಟಿನಲ್ಲಿಟ್ಟರು. ಏನೂ ಹೇಳಲಿಲ್ಲ.

ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಒಕ್ಕಲಿನವನು, ಮಾಸ್ತರರ ಓರಗೆಯವನು, ಹೊಲ ಮಾರಿದ ಮೇಲೆ ತನ್ನ ಹೆಂಡತಿಯ ತವರಿನ ಕಡೆಗೆ, ಕಮಲಾಪುರದ ಸಮೀಪದ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದ್ದನು. ಅಲ್ಲಿ ಅವನು ನಾಲ್ಕು ಎಕರೆಯನ್ನು ತನ್ನದನ್ನಾಗಿ ಮಾಡಿಕೊಂಡನು. ಮೊದಲ ವರ್ಷ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಬಸ್ಸು ಹಿಡಿದು ಬಂದು, ಮಾಸ್ತರರ ಜಗಲಿಯ ಮೇಲೆ ಕುಳಿತು, "ಈ ಸಲ ನಮ್ಮ ಹೊಲಕ್ಕ ಬರ್ಬೇಕ್ರಿ ಮಾಸ್ತರ್ರ" ಎಂದನು. 'ನಮ್ಮ ಹೊಲ' ಎನ್ನುವಾಗ ಅವನಿಗೂ ಸಂಕೋಚ, ಕೇಳುವಾಗ ಮಾಸ್ತರರಿಗೂ ಸಂಕೋಚ. ಮುಂದೆ ಮೊಬೈಲು ಬಂದು ಆ ಸಂಕೋಚವನ್ನು ಕಡಿಮೆ ಮಾಡಿತು. ಕರೆ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ.

"ಕರೆಯದೆ ಹೋಗುವುದುಂಟೇ? ಎಷ್ಟು ವರ್ಷವೆಂದು ಅವನಾದರೂ ಕರೆದಾನು? ಋಣ ತೀರಿತೆಂದು ತಿಳಿಯಬೇಕು" ಎಂಬುದು ಮಾಸ್ತರರ ವಾದ. ಅವರ ಪತ್ನಿ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಬುಟ್ಟಿಗಳೊಳಗಿನ ತೊಗರಿಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ ಬಂದಿದ್ದ ಆ ಹಿರಿಯ ಗೃಹಿಣಿಗೆ, ಮೊಬೈಲು ಏಕೆ ಸುಮ್ಮನಿದೆಯೆಂಬುದು ಸ್ವಲ್ಪಮಟ್ಟಿಗೆ ಹೊಳೆದಿತ್ತು. ಕಾಳುಗಳು ಸಣಕಲಾಗಿದ್ದವು; ಕೆಲವು ಕಾಯಿಗಳಲ್ಲಿ ಕಾಳೇ ಇರಲಿಲ್ಲ. ಆಕೆ ರಾತ್ರಿ ಹತ್ತರವರೆಗೆ ಕುಳಿತು ಸೊಪ್ಪು ಸೋಸಿದರು. ಬೆಳಗಿನ ಜಾವ ನಾಲ್ಕಕ್ಕೆ ಭಜ್ಜಿಯ ಪಾತ್ರೆ ಒಲೆಯ ಮೇಲೇರಿತು. ಪ್ರತಿ ವರ್ಷ ಮಾಡುವುದಕ್ಕಿಂತ ದೊಡ್ಡ ಪಾತ್ರೆ. ರೊಟ್ಟಿ ತಟ್ಟಲು ಮೊದಲಿನಂತೆ ರಟ್ಟೆಯಲ್ಲಿ ಶಕ್ತಿಯಿಲ್ಲದ್ದರಿಂದ ಸ್ವಸಹಾಯ ಸಂಘದ ಸ್ತ್ರೀಯರಿಂದ ಖಡಕ್ ರೊಟ್ಟಿ ಕೊಂಡದ್ದಾಗಿತ್ತು. ಸಜ್ಜೆಯ ರೊಟ್ಟಿ ಮಾತ್ರ ಕೈಯಾರೆ ತಟ್ಟಿದರು. ಏಳಕ್ಕೆ ಓಣಿಯ ಟಂಟಂ ಬಾಗಿಲಲ್ಲಿ ಬಂದು ನಿಂತಿತು. ಅದನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿದ್ದವರು ಯಾರೆಂದು ಮಾಸ್ತರರು ಕೇಳಲಿಲ್ಲ. ಮೂವತ್ತೈದು ವರ್ಷ ಶಾಲೆ ನಡೆಸಿದವರು ಸಂಸಾರದಲ್ಲಿ ಯಾವ ಪ್ರಶ್ನೆ ಕೇಳಬಾರದೆಂಬುದನ್ನು ಕಲಿತಿರುತ್ತಾರೆ.

ಹುಮನಾಬಾದ್ ರಸ್ತೆಯಲ್ಲಿ ಆ ದಿನ ಜಾತ್ರೆಯ ಗದ್ದಲ. ಬಸ್ಸು, ಟ್ರ್ಯಾಕ್ಟರು, ಕ್ರೂಸರು, ಒಂದೇ ಮೋಟಾರುಸೈಕಲ್ಲಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಗಡಿಗೆ. ಕಪನೂರು ಬಂದಾಗ ಮಾಸ್ತರರು ಎಂದಿನಂತೆ ಬಲಗಡೆ ನೋಡಿದರು. ಅವರ ಪತ್ನಿ ಎಂದಿನಂತೆ ಎಡಗಡೆ ನೋಡಿದರು. ಕಮಲಾಪುರ ನಗರದಿಂದ ಸುಮಾರು 35 ಕಿಲೋಮೀಟರು. ಈಗ ತಾಲ್ಲೂಕು ಕೇಂದ್ರ. 2017ರ ಅಕ್ಟೋಬರಿನಲ್ಲಿ ಆರಂಭವಾದ ಬೀದರ-ಕಲಬುರಗಿ ರೈಲು ಮಾರ್ಗವೂ ಆ ಕಡೆಯಿಂದಲೇ ಹಾದುಹೋಗುತ್ತದೆ. ಊರು ಹೆಸರಾದದ್ದು ಮಾತ್ರ ಕೆಂಪು ಬಾಳೆಯಿಂದ. ಗೊನೆ ಕೈಗೆ ಬರಲು ಒಂದೂವರೆ ವರ್ಷದವರೆಗೆ ಕಾಯಿಸುವ, ಬೆಲೆಯಲ್ಲಿ ಶ್ರೀಮಂತರ ಹಣ್ಣೆನ್ನಿಸಿಕೊಂಡ ಆ ಬಾಳೆಗೂ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಮಾಸ್ತರರ ಮೊಮ್ಮಗನಿಗಾಗಿ ದಾರಿಯಲ್ಲಿ ಅರ್ಧ ಡಜನ್ ಕೊಂಡರು. ಪುಣೆಯಿಂದ ರಜೆಗೆ ಬಂದಿದ್ದ ಆ ಹುಡುಗ ಸಿಪ್ಪೆಯ ಬಣ್ಣವನ್ನು ನೋಡಿ, ಇದು ಕೆಟ್ಟಿದೆಯೆಂದು ಹಟ ಹಿಡಿದನು.

ಹೊಲ ಕಣ್ಣಿಗೆ ಬಿದ್ದಾಗ ಬಾಳೆಯ ಹಣ್ಣಿನ ಜಗಳ ನಿಂತಿತು. ತೊಗರಿಯ ಸಾಲುಗಳು ಇದ್ದವು. ಎದೆಯೆತ್ತರಕ್ಕೆ ಬೆಳೆದೂ ಇದ್ದವು. ಹಸಿರು ಇರಲಿಲ್ಲ. ಕಾಯಿ ಹೊತ್ತ ಗಿಡ ಕಾಯಿ ಹೊತ್ತಂತೆಯೇ, ನಿಂತಲ್ಲಿಯೇ, ಕಟ್ಟಿಗೆಯಾಗಿತ್ತು. ಆ ವರ್ಷ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗ ಬಡಿದಿತ್ತು. ಇದರ ಮೂಲ ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕೂರಬಲ್ಲ ಒಂದು ಶಿಲೀಂಧ್ರ. ಬೇರಿನಿಂದ ಒಳಹೊಕ್ಕು, ಗಿಡಕ್ಕೆ ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಹೊರಗಿನಿಂದ ಔಷಧಿ ಸಿಂಪಡಿಸಿ ಗೆಲ್ಲುವ ಶತ್ರುವಲ್ಲ. ಗಿಡ ಹೂಬಿಟ್ಟು, ಕಾಯಿಕಟ್ಟಿ, ರೈತ ಮನಸ್ಸಿನಲ್ಲಿಯೇ ಸಾಲ ತೀರಿಸಿ ಮುಗಿಸಿದ ಮೇಲೆ ಅದು ತನ್ನ ಕೆಲಸವನ್ನು ತೋರಿಸುತ್ತದೆ. ಆ ಅಮಾವಾಸ್ಯೆಯಂದು ಒಣಗಿದ ತೊಗರಿಯ ನಡುವೆ ನಿಂತ ಹೊಲ ಇದೊಂದೇ ಆಗಿರಲಿಲ್ಲ.

ಒಕ್ಕಲಿನವನು ಹೊಲದಲ್ಲಿಯೇ ಇದ್ದನು. ಹೆಂಡತಿ, ಮಗ, ಸೊಸೆ. ಮತ್ತೆ ಯಾರೂ ಇಲ್ಲ. ಅವನು ಎದ್ದು ಬಂದನಾದರೂ ತಲೆಯೆತ್ತಿ ನೋಡಲಿಲ್ಲ.

"ಕರೀಲಿಲ್ಲಂತ ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಈ ಹೊಲಕ್ಕ ಯಾವ ಮಾರಿ ಇಟ್ಕೊಂಡು ಕರೀಲಿ? ಈ ಸಲ ಯಾರನ್ನೂ ಕರದಿಲ್ಲ. ಚರಗ ಚೆಲ್ಲಿ ಮನಿಗಿ ಹೋಗೂದು ಅಂತಿದ್ವಿ."

ಮಾಸ್ತರರಿಗೆ ಮಾತು ಹೊರಡಲಿಲ್ಲ. ಹಿಂದಿನ ದಿನವೆಲ್ಲ 'ಋಣ ತೀರಿತು' ಎಂದು ಮನೆಯಲ್ಲಿ ಓಡಾಡಿದ್ದು ಅವರ ನೆನಪಿಗೆ ಬಂದಿರಬೇಕು. ಟಂಟಮ್ಮಿನಿಂದ ಪಾತ್ರೆ ಇಳಿಸುತ್ತಿದ್ದ ಅವರ ಪತ್ನಿಯೇ ಮಾತಾಡಿದರು: "ಬಸರಿ ಸೊರಗ್ಯಾಳಂದ್ರ ಬುತ್ತಿ ಒಯ್ಯೂದು ಬಿಡ್ತಾರೇನಪ್ಪಾ?"

ಈ ಮಾತಿನ ಅರ್ಥ ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ತೆನೆಗೆ ತಿರುಗುವ ಕಾಲ, ಕಡಲೆ ಕಾಯಿಕಟ್ಟಿರುತ್ತದೆ, ಭೂಮಿ ತುಂಬಿದ ಬಸುರಿ. ತವರಿನವರು ಬಸುರಿ ಮಗಳಿಗೆ ಬಯಕೆಯ ಬುತ್ತಿ ಒಯ್ಯುವಂತೆ ಒಕ್ಕಲುಮಕ್ಕಳು ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ಜೋಳದ ದಂಟುಗಳಿಂದ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಂಚಪಾಂಡವರೆಂದು ಪೂಜಿಸುತ್ತಾರೆ. ಅನಂತರ ತಂದ ಅಡುಗೆಯಲ್ಲಿ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ, ಹೊಲದ ನಾಲ್ಕೂ ಬದುಗಳಿಗೆ ಸುತ್ತುತ್ತ ಚೆಲ್ಲುತ್ತಾರೆ. ಅದು ಚರಗ. ಮುಂದೆ ಒಬ್ಬರು ಕೂಗುತ್ತ ಚೆಲ್ಲಿದರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಹಕ್ಕಿಗಳೂ ಇರುವೆಗಳೂ ಆ ದಿನ ಅತಿಥಿಗಳೇ. ಅವುಗಳಿಗೆ ಮಾತ್ರ ಎಂದೂ ಕರೆ ಬೇಕಾಗಿಲ್ಲ.

ಒಕ್ಕಲಿನವನ ಮಗ ಚರಗದ ಬುಟ್ಟಿ ಹಿಡಿದು ಹೊರಟನು. ನೀರಿನ ತಂಬಿಗೆ ಪುಣೆಯ ಹುಡುಗನ ಕೈಗೆ ಬಂತು. ಜೋಳದ ಕಡೆಯ ಬದುವಿನಲ್ಲಿ ಕೂಗು ಜೋರಾಗಿಯೇ ಇತ್ತು. ಒಣಗಿದ ತೊಗರಿಯ ಕಡೆಗೆ ತಿರುಗುವಾಗ ಅವನು ನಿಂತನು. ತಂದೆಯ ಮುಖ ನೋಡಿದನು. ಸತ್ತ ಸಾಲುಗಳಿಗೂ ಚೆಲ್ಲಬೇಕೋ ಬೇಡವೋ ಎಂಬುದಕ್ಕೆ ಯಾವ ಶಾಸ್ತ್ರದಲ್ಲಿಯೂ ವಿಧಿಯಿರಲಾರದು. ತಂದೆ ತಲೆಯಾಡಿಸಿದನು. ಮಗ ಮುಂದೆ ನಡೆದನು. ಕೂಗು ಸ್ವಲ್ಪ ತಗ್ಗಿತು, ಕೈ ತಗ್ಗಲಿಲ್ಲ. ನಾಲ್ಕನೆಯ ಬದು ಮುಗಿಯುವ ಹೊತ್ತಿಗೆ ತಂಬಿಗೆಯಲ್ಲಿ ನೀರು ಮುಗಿದಿತ್ತು. ಹುಡುಗ ತನ್ನ ನೀರಿನ ಬಾಟಲಿಯನ್ನು ತೆಗೆದು ಅದರಿಂದಲೇ ಚಿಮುಕಿಸಿದನು.

ಊಟಕ್ಕೆ ಕೂರುವಾಗ ದೊಡ್ಡ ಪಾತ್ರೆ ತಂದದ್ದು ಏಕೆಂಬುದು ಮಾಸ್ತರರಿಗೆ ಅರ್ಥವಾಯಿತು. ಒಕ್ಕಲಿನವನ ಮನೆಯಲ್ಲಿ ಆ ದಿನ ಚರಗಕ್ಕೆ ಬೇಕಾದಷ್ಟೇ ಅಡುಗೆ. ಅತಿಥಿಗಳು ಆತಿಥೇಯರಿಗೆ ಬಡಿಸಿದರು. "ಅಕ್ಕಾರ, ಇದು ತಿರುಗಾಮುರುಗಾ ಆತಲ್ರೀ" ಎಂದು ಒಕ್ಕಲಿನವನ ಹೆಂಡತಿ ಸಂಕೋಚಪಟ್ಟರೂ ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡರು. ತನ್ನ ಅಂಬಲಿಯ ಗಡಿಗೆಯನ್ನು ಅವರು ಮುಂದಿಟ್ಟಾಗ, ಸಕ್ಕರೆ ಕಾಯಿಲೆಯ ನಿಮಿತ್ತ ಅಳೆದು ತಿನ್ನುವ ಮಾಸ್ತರರು ಮೂರು ಲೋಟ ಕುಡಿದರು. ಅನತಿದೂರದ ಹೊಲದವರು ಹೊಗೆಯನ್ನೋ ಮಾತನ್ನೋ ಗುರುತಿಸಿ ಬಂದರು. ಅವರೂ ಆ ವರ್ಷ ಯಾರನ್ನೂ ಕರೆದಿರಲಿಲ್ಲ. ಅವರ ಮಕ್ಕಳಲ್ಲಿ ಒಬ್ಬನ ಬಳಿ ಗಾಳಿಪಟವಿತ್ತು. ಹೊಲದ ಬೆಲೆ, ಬೀಜದ ಬೆಲೆ, ಸರ್ಕಾರದ ಪರಿಹಾರ ಬರುವುದೋ ಇಲ್ಲವೋ ಎಂಬ ಚರ್ಚೆ ಹಿರಿಯರಲ್ಲಿ ನಡೆಯಿತು. ಮುಂದಿನ ವರ್ಷ ಆ ಸಾಲುಗಳಲ್ಲಿ ತೊಗರಿ ಬಿಟ್ಟು ಬೇರೆ ಬೆಳೆ ಹಾಕುವುದೆಂದು ಮಗ ಹೇಳಿದನು. ರೋಗ ಹಿಡಿದ ನೆಲಕ್ಕೆ ಅದೇ ಬೆಳೆಯನ್ನು ಮತ್ತೆ ಮತ್ತೆ ಹಾಕಬಾರದೆಂಬುದು ಸರಿಯಾದ ಮಾತೇ. "ಆದ್ರ ತೊಗರಿ ಇಲ್ದ ಭಜ್ಜಿ ಹೆಂಗ?" ಎಂದು ಅವನ ತಾಯಿ ಕೇಳಿದಾಗ ಮೊದಲ ಬಾರಿಗೆ ಒಕ್ಕಲಿನವನು ನಕ್ಕನು.

ಹೊರಡುವಾಗ ಹಸಿ ಕಡಲೆಯ ಒಂದು ದೊಡ್ಡ ಕಟ್ಟನ್ನು ಟಂಟಮ್ಮಿಗೆ ಹಾಕಿದರು. ಮಾಸ್ತರರು ಬೇಡವೆಂದರು. ಬೇಡವೆನ್ನಬಾರದೆಂದು ಅವರ ಪತ್ನಿ ಕಣ್ಣಿನಲ್ಲಿಯೇ ಹೇಳಿದರು.

ಕಪನೂರು ತಲುಪುವಾಗ ಹೊತ್ತು ಇಳಿದಿತ್ತು. ಹಬ್ಬದ ವಾಹನಗಳೆಲ್ಲ ಒಮ್ಮೆಲೇ ಊರಿಗೆ ತಿರುಗಿದ್ದರಿಂದ ರಸ್ತೆ ಕಟ್ಟಿಕೊಂಡು, ಟಂಟಂ ಗಿರಣಿಗಳ ಸಾಲಿನ ಎದುರಿಗೇ ನಿಂತಿತು. "ಮುತ್ಯಾ, ನಮ್ಮ ಹೊಲ ಎಲ್ಲಿತ್ತು?" ಎಂದು ಹುಡುಗ ಕೇಳಿದನು. ಮಾಸ್ತರರು ಈ ಸಲ ಎಡಗಡೆಗೆ ತಿರುಗಿ ಕೈ ತೋರಿಸಿದರು. ಆದರೆ ಆ ಕೈ ಎರಡು ಗೋದಾಮುಗಳ ನಡುವೆ ಸ್ವಲ್ಪ ಅತ್ತಿತ್ತ ಅಲೆಯಿತು. ಬೇವು ಇಲ್ಲದೆ ಸರಿಯಾದ ಜಾಗ ಹೇಳುವುದು ಕಷ್ಟವಾಯಿತು.

ಎದುರಿಗಿದ್ದ ಗಿರಣಿಯ ಬಾಗಿಲಲ್ಲಿ ಕಾವಲುಗಾರ ಒಬ್ಬನೇ ಕುರ್ಚಿ ಹಾಕಿಕೊಂಡು ಕುಳಿತಿದ್ದನು. ಹಬ್ಬವೆಂದು ಯಂತ್ರಗಳು ನಿಂತಿದ್ದವು. ಪಾತ್ರೆಯ ತಳದಲ್ಲಿ ಭಜ್ಜಿ ಇನ್ನೂ ಉಳಿದಿತ್ತು. ಮಾಸ್ತರರ ಪತ್ನಿ ಎರಡು ಸಜ್ಜೆಯ ರೊಟ್ಟಿ, ಒಂದು ಹೋಳಿಗೆ, ಡಬ್ಬಿಯೊಂದರಲ್ಲಿ ಭಜ್ಜಿ ಹಾಕಿ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿದರು. ಕಾವಲುಗಾರ ಎದ್ದುನಿಂತು ತೆಗೆದುಕೊಂಡನು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ತಿಂದು, ನಲ್ಲಿಯಲ್ಲಿ ಡಬ್ಬಿ ತೊಳೆದು, ಹಿಂದಕ್ಕೆ ಕೊಡಲು ತಾನೇ ರಸ್ತೆಗೆ ಬಂದನು. ವಾಹನಗಳ ಸಾಲು ಇನ್ನೂ ಅಲುಗಿರಲಿಲ್ಲ.

"ಇವತ್ತ ಡ್ಯೂಟಿ ಇತ್ರೀ, ನಂಗ ಹೋಗ್ಲಿಕ್ಕಾಗ್ಲಿಲ್ಲ. ಭಜ್ಜಿ ಛಲೋ ಆಗ್ಯಾದ್ರೀ ಯವ್ವಾ. ಯಾರ ಹೊಲಕ್ಕ ಹೋಗಿದ್ರಿ?"

ಮಾಸ್ತರರ ಪತ್ನಿ ಗಂಡನ ಕಡೆಗೆ ನೋಡಿದರು. ಮಾಸ್ತರರು ಹಸಿ ಕಡಲೆಯ ಕಟ್ಟನ್ನು ಮಡಿಲಿಗೆ ಎಳೆದುಕೊಂಡು ಒಂದು ಹಿಡಿ ಕಿತ್ತು, ಕಾವಲುಗಾರನ ಕೈಯಲ್ಲಿಟ್ಟರು.

"ಕಮಲಾಪುರದ ಕಡಿಗಿ. ನಮ್ಮವರ ಹೊಲಕ್ಕ."

ಮುಂದಿನ ಟ್ರ್ಯಾಕ್ಟರು ಸರಿಯಿತು. ಟಂಟಂ ಹೊರಟಿತು.